ಮೊದಲ ದಿನದ ಹಣ: ಬೇ ಏರಿಯಾದ ಲಾಭರಹಿತ ಸಾಲ ಸಂಸ್ಥೆಗಳ ಸೇವೆ ಹೇಗಿದೆ?

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಕಡಿಮೆ ಆದಾಯದ ಕುಟುಂಬಗಳಿಗೆ ಬಾಡಿಗೆ ಮನೆ ಕಟ್ಟಿಕೊಡುವ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ನಾನು ಆರು ವರ್ಷಗಳಿಂದ ಗೌರವ ಖಜಾಂಚಿಯಾಗಿದ್ದೇನೆ. ಈ ಅವಧಿಯಲ್ಲಿ ನಾವು ಲಾಭದ ಉದ್ದೇಶವಿಲ್ಲದ ಒಂದು ಸಾಲ ಸಂಸ್ಥೆಯಿಂದ ಎರಡು ಸಾಲಗಳನ್ನು ಪಡೆದು, ಎರಡನ್ನೂ ತೀರಿಸಿದ್ದೇವೆ. ಮೊದಲನೆಯದು ನಿವೇಶನ ಖರೀದಿಗೆ. ಎರಡನೆಯದು ನಕ್ಷೆ, ಮಣ್ಣಿನ ಪರೀಕ್ಷೆ, ಪರವಾನಗಿ ಶುಲ್ಕ ಮುಂತಾಗಿ ಪಾಯ ತೋಡುವ ಮೊದಲೇ ಬಂದೆರಗುವ ಖರ್ಚುಗಳಿಗೆ. ಇಂಥ ಸಾಲಕ್ಕೆ ಅರ್ಜಿ ಹಾಕಬೇಕೇ ಎಂದು ಯೋಚಿಸುತ್ತಿರುವ ಸಣ್ಣ ಸಂಸ್ಥೆಗಳಿಗೂ, ಇವರ ನಿಧಿಗಳಲ್ಲಿ ಹಣ ತೊಡಗಿಸಲು ಬಯಸುವವರಿಗೂ ನೆರವಾಗಲಿ ಎಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ನಮಗೆ ಸಾಲ ಕೊಟ್ಟವರ ಹೆಸರನ್ನು ಹೇಳುವುದಿಲ್ಲ. ಮುಂದೆ ಬರುವ ದೂರುಗಳನ್ನು ಅವರಿಗೇ ನೇರವಾಗಿ ತಿಳಿಸಿದ್ದೇವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಡ್ಡಿ ಅಗ್ಗವಾಗಿರುತ್ತದೆ ಎಂದುಕೊಂಡು ಇವರ ಬಾಗಿಲಿಗೆ ಹೋದವರಿಗೆ ನಿರಾಸೆಯಾಗಬಹುದು, ಏಕೆಂದರೆ ಹಲವು ಸಲ ಇವರ ದರ ಬ್ಯಾಂಕಿನ ದರದ ಆಸುಪಾಸಿನಲ್ಲೇ ಇರುತ್ತದೆ. ಬೇರೆ ಯಾರೂ ಹಣ ಬಿಚ್ಚದ ಹೊತ್ತಿನಲ್ಲಿ ಇವರು ಬಿಚ್ಚುತ್ತಾರೆ, ಕೊಟ್ಟ ಮೇಲೆ ಕಾಯುತ್ತಾರೆ. ಭೂಮಿಯ ಬೆಲೆ ಗಗನಕ್ಕೇರಿರುವ ಪ್ರದೇಶದಲ್ಲಿ ಈ ಎರಡು ಗುಣಗಳು ಬಡ್ಡಿಯಲ್ಲಿ ಉಳಿಯುವ ಒಂದು ಶೇಕಡಕ್ಕಿಂತ ಹೆಚ್ಚು ಬಾಳುತ್ತವೆ.

ಅದು ಏಕೆ ಎಂಬುದು ಅರ್ಥವಾಗಬೇಕಾದರೆ ಇಲ್ಲಿ ಬಡವರ ಮನೆಗೆ ಹಣ ಕೂಡಿಬರುವ ಬಗೆಯನ್ನು ಸ್ವಲ್ಪ ನೋಡಬೇಕು. ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ನಾಲ್ವರ ಕುಟುಂಬದ ಮಧ್ಯಮ ವಾರ್ಷಿಕ ಆದಾಯವೆಂದು ಸರ್ಕಾರ 2023ರಲ್ಲಿ ಲೆಕ್ಕ ಹಾಕಿದ್ದು 1,81,300 ಡಾಲರ್. ಶಾಲೆಯ ಅಡುಗೆಯವರು, ಬಸ್ ಚಾಲಕರು, ವೃದ್ಧರ ಆರೈಕೆ ಮಾಡುವವರಲ್ಲಿ ಹಲವರು ಇದರ ಅರ್ಧವನ್ನೂ ಕಾಣುವುದಿಲ್ಲ. ಅವರ ಕೈಗೆಟಕುವಂತೆ ಬಾಡಿಗೆ ನಿಗದಿ ಮಾಡಿದರೆ, ಆ ಬಾಡಿಗೆಯಿಂದ ತೀರಿಸಬಹುದಾದ ಬ್ಯಾಂಕ್ ಸಾಲ ಕಟ್ಟಡದ ವೆಚ್ಚದ ಸಣ್ಣ ಪಾಲು ಮಾತ್ರ. ಉಳಿದದ್ದನ್ನು 1986ರ ತೆರಿಗೆ ಸುಧಾರಣೆ ಕಾಯ್ದೆಯಿಂದ ಬಂದ ವಸತಿ ತೆರಿಗೆ ಕ್ರೆಡಿಟ್ (ಇಂಥ ಮನೆಗಳಲ್ಲಿ ಹಣ ಹೂಡಿದವರಿಗೆ ಸಿಗುವ ತೆರಿಗೆ ರಿಯಾಯಿತಿ), ರಾಜ್ಯದ ನಿಧಿ, ಕೌಂಟಿಯ ಬಾಂಡ್ ಹಣ, ನಗರಾಡಳಿತದ ನೆರವು ಎಂದು ಐದಾರು ಕಡೆಗಳಿಂದ ಒಟ್ಟುಗೂಡಿಸಬೇಕು. ಪ್ರತಿಯೊಂದಕ್ಕೂ ಅದರದೇ ಅರ್ಜಿ, ಅದರದೇ ಗಡುವು, ಅದರದೇ ಸ್ಪರ್ಧೆ. ಎಲ್ಲವೂ ಕೂಡಿಬರಲು ಮೂರು ನಾಲ್ಕು ವರ್ಷ ಹಿಡಿಯುವುದು ಸಾಮಾನ್ಯ ಸಂಗತಿ.

ಜಮೀನು ಮಾರುವವರು ಅಷ್ಟು ವರ್ಷ ಕಾಯುವುದಿಲ್ಲ. ಅವರು ಅರವತ್ತು ಅಥವಾ ತೊಂಬತ್ತು ದಿನಗಳ ಗಡುವು ಕೊಡುತ್ತಾರೆ. ಪಕ್ಕದಲ್ಲೇ ಪೂರ್ತಿ ಹಣ ಹಿಡಿದ ಖಾಸಗಿ ಬಿಲ್ಡರ್ ನಿಂತಿರುತ್ತಾರೆ. ಬ್ಯಾಂಕಿಗೆ ಹೋದರೆ, ಫೆಡರಲ್ ನಿಯಂತ್ರಕರ ಮಾರ್ಗಸೂಚಿಯಂತೆ ಖಾಲಿ ಭೂಮಿಯ ಮೇಲಿನ ಸಾಲ ಅದರ ಮೌಲ್ಯದ ಶೇ 65ನ್ನು ಸಾಮಾನ್ಯವಾಗಿ ಮೀರುವಂತಿಲ್ಲ. ಉಳಿದ ಶೇ 35ನ್ನು ನಗದಾಗಿ ಇಡಬಲ್ಲ ಸಣ್ಣ ಸೇವಾ ಸಂಸ್ಥೆಯನ್ನು ನಾನು ಈತನಕ ಕಂಡಿಲ್ಲ. ಜಮೀನು ಕೈತಪ್ಪುವುದು ಈ ಹಂತದಲ್ಲಿಯೇ, ಮತ್ತು ಒಮ್ಮೆ ಕೈತಪ್ಪಿದರೆ ಆ ಬಡಾವಣೆಯಲ್ಲಿ ಇನ್ನೊಂದು ಸಿಗುವುದಿಲ್ಲ.

ನಮಗೆ ಸಿಕ್ಕದ್ದು ಬಹಳ ಕಾಲ ಕಾರು ರಿಪೇರಿ ಶೆಡ್ ಇದ್ದ ಮೂಲೆ ನಿವೇಶನ. ಬಸ್ ನಿಲ್ದಾಣಕ್ಕೆ ಐದು ನಿಮಿಷದ ದಾರಿ, ಎದುರಿಗೇ ಪ್ರಾಥಮಿಕ ಶಾಲೆ. ನಾವು ಮೊದಲು ಕಂಡ ಬ್ಯಾಂಕ್ ಮೌಲ್ಯದ ಅರ್ಧಕ್ಕೂ ಒಪ್ಪಲಿಲ್ಲ. ರಿಪೇರಿ ಶೆಡ್ ಎಂಬ ಪದ ಕೇಳಿದ ಕೂಡಲೇ ಮಾತು ಮುಗಿಯಿತು. ಲಾಭರಹಿತ ಸಂಸ್ಥೆಯ ಸಾಲ ಅಧಿಕಾರಿ ಮಾತ್ರ ಅರ್ಜಿ ತಲುಪಿದ ವಾರದಲ್ಲೇ ಖುದ್ದಾಗಿ ಸ್ಥಳಕ್ಕೆ ಬಂದರು. ಅವರು ಮಾಡಿದ ಮೊದಲ ಕೆಲಸ ನನಗೆ ಇನ್ನೂ ನೆನಪಿದೆ. ಶೆಡ್ಡಿನ ಹಿಂಬದಿಗೆ ಹೋಗಿ, ಕಾಂಕ್ರೀಟಿನಲ್ಲಿ ತೇಪೆ ಹಾಕಿದಂತಿದ್ದ ಒಂದು ಚೌಕದ ಮೇಲೆ ನಿಂತು, ‘ಇದರ ಕೆಳಗೆ ಎಣ್ಣೆಯ ಟ್ಯಾಂಕ್ ಇತ್ತೇ? ತೆಗೆದದ್ದು ಯಾವಾಗ? ತೆಗೆದದ್ದಕ್ಕೆ ಕಾಗದ ಇದೆಯೇ?’ ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಾವು ಆ ಚೌಕವನ್ನು ಗಮನಿಸಿಯೇ ಇರಲಿಲ್ಲ.

ಆ ಪ್ರಶ್ನೆಯಿಂದಾಗಿ ಖರೀದಿಯ ಕರಾರಿಗೆ ಸಹಿ ಹಾಕುವ ಮೊದಲೇ ಮಣ್ಣಿನ ಮಾದರಿ ತೆಗೆಸಿದೆವು. ಎಣ್ಣೆಯ ಅಂಶ ಒಂದು ಮೂಲೆಯಲ್ಲಷ್ಟೇ ಸಿಕ್ಕಿತು; ಅದನ್ನು ತೆರವು ಮಾಡುವ ಖರ್ಚನ್ನು ಮಾರುವವರು ಬೆಲೆಯಿಂದ ಕಳೆದುಕೊಟ್ಟರು. ಆಮೇಲೆ ಸಂಸ್ಥೆ ನಿವೇಶನದ ಪೂರ್ತಿ ಬೆಲೆಗೆ ಸಾಲ ಮಂಜೂರು ಮಾಡಿತು. ಮೂರು ವರ್ಷದ ಅವಧಿ, ಅಲ್ಲಿಯವರೆಗೆ ಬಡ್ಡಿ ಮಾತ್ರ ಕಟ್ಟಬೇಕು, ಅಸಲನ್ನು ಕಟ್ಟಡದ ಸಾಲ ಬಂದ ದಿನ ಒಂದೇ ಕಂತಿನಲ್ಲಿ ತೀರಿಸಬೇಕು. ಆ ಬಡ್ಡಿಯ ಒಂದು ಭಾಗವನ್ನೂ ಸಾಲದೊಳಗೇ ಮೀಸಲಾಗಿ ಇಟ್ಟುಕೊಟ್ಟಿದ್ದರಿಂದ ನಮ್ಮ ದಿನನಿತ್ಯದ ಖಾತೆಗೆ ಕೈಹಾಕುವ ಪ್ರಸಂಗ ಬರಲಿಲ್ಲ. ಖಜಾಂಚಿಯಾಗಿ ನಾನು ಅತ್ಯಂತ ಮೆಚ್ಚಿದ ಷರತ್ತು ಇದು. ಸಾಲ ಕೊಡುವವರು ತೀರಿಸುವವರ ಜೇಬನ್ನು ನಿಜವಾಗಿ ಬಲ್ಲವರಾದರೆ ಮಾತ್ರ ಇಂಥ ಷರತ್ತು ಬರೆಯುತ್ತಾರೆ.

ಇಷ್ಟು ಅಪಾಯವನ್ನು ಇವರು ಹೇಗೆ ಹೊರುತ್ತಾರೆ ಎಂಬುದು ಸಹಜವಾದ ಪ್ರಶ್ನೆ. ಇವರಲ್ಲಿ ಹೆಚ್ಚಿನವರು ಸಮುದಾಯ ಅಭಿವೃದ್ಧಿ ಹಣಕಾಸು ಸಂಸ್ಥೆಗಳೆಂಬ (ಇಂಗ್ಲಿಷ್ ಕಿರುರೂಪದಲ್ಲಿ ಸಿಡಿಎಫ್ಐ) ಮಾನ್ಯತೆ ಪಡೆದವರು. ಅಮೆರಿಕದ ಖಜಾನೆ ಇಲಾಖೆಯಡಿ 1994ರ ಕಾಯ್ದೆಯಿಂದ ಹುಟ್ಟಿದ ಸಿಡಿಎಫ್ಐ ನಿಧಿ ಈ ಮಾನ್ಯತೆಯನ್ನು ಕೊಡುತ್ತದೆ. ಇಂಥ ಸಾಲ ಸಂಸ್ಥೆಗಳ ಚಳವಳಿ ಅದಕ್ಕಿಂತ ಹಳೆಯದು: ಫೋರ್ಡ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆ ಮುಂದೆ ನಿಂತು ಲಿಸ್ಕ್ ಎಂಬ ಲಾಭರಹಿತ ಸಾಲ ಸಂಸ್ಥೆಯನ್ನು ಕಟ್ಟಿದ್ದು 1979ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲೋ ಇನ್‌ಕಮ್ ಇನ್ವೆಸ್ಟ್‌ಮೆಂಟ್ ಫಂಡ್ ಶುರುವಾದದ್ದು 1984ರಲ್ಲಿ. ಇವರಿಗೆ ಬ್ಯಾಂಕುಗಳಂತೆ ಜನರ ಠೇವಣಿ ಇರುವುದಿಲ್ಲ. ದತ್ತಿ ಸಂಸ್ಥೆಗಳು ಕಡಿಮೆ ಬಡ್ಡಿಗೆ ಕೊಟ್ಟ ಹಣ, 1977ರ ಸಮುದಾಯ ಮರುಹೂಡಿಕೆ ಕಾಯ್ದೆಯಂತೆ ಬಡ ಬಡಾವಣೆಗಳ ಸಾಲದ ಅಗತ್ಯಕ್ಕೂ ಸ್ಪಂದಿಸುವ ಹೊಣೆ ಹೊತ್ತ ಬ್ಯಾಂಕುಗಳ ಹಣ, ಸರ್ಕಾರದ ಅನುದಾನ, ಇವುಗಳನ್ನು ಪದರ ಪದರವಾಗಿ ಜೋಡಿಸಿ ನಿಧಿ ಮಾಡುತ್ತಾರೆ. ಸಾಲ ಮುಳುಗಿದರೆ ಮೊದಲ ನಷ್ಟವನ್ನು ಅನುದಾನದ ಪದರ ಹೊರುತ್ತದೆ. ಆ ಭರವಸೆಯ ಮೇಲೆ ಬ್ಯಾಂಕಿನ ಹಣ ಒಳಗೆ ಬರುತ್ತದೆ.

ಇದಕ್ಕೆ ಬೇ ಏರಿಯಾದಲ್ಲೇ ಒಳ್ಳೆಯ ಉದಾಹರಣೆಯಿದೆ. ಸಾರಿಗೆ ನಿಲ್ದಾಣಗಳ ಸಮೀಪ ಮನೆ ಕಟ್ಟಲು 2011ರಲ್ಲಿ ಆರಂಭವಾದ 5 ಕೋಟಿ ಡಾಲರ್‌ಗಳ ನಿಧಿಯಲ್ಲಿ ಪ್ರಾದೇಶಿಕ ಸಾರಿಗೆ ಆಯೋಗ 1 ಕೋಟಿ ಡಾಲರ್ ಹಾಕಿ, ನಷ್ಟವಾದರೆ ಮೊದಲು ತನ್ನ ಹಣವೇ ಹೋಗಲಿ ಎಂದು ಒಪ್ಪಿಕೊಂಡಿತು. ಉಳಿದದ್ದು ಬ್ಯಾಂಕುಗಳು, ದತ್ತಿ ಸಂಸ್ಥೆಗಳು ಮತ್ತು ಲಾಭರಹಿತ ಸಾಲ ಸಂಸ್ಥೆಗಳಿಂದ ಬಂತು. ಆ ನಿಧಿಯ ಮೊದಲ ಸಾಲಗಳಲ್ಲಿ ಒಂದು ಸ್ಯಾನ್ ಫ್ರಾನ್ಸಿಸ್ಕೊದ ಟೆಂಡರ್‌ಲಾಯ್ನ್ ಬಡಾವಣೆಯಲ್ಲಿ, ಎಡ್ಡಿ ಮತ್ತು ಟೇಲರ್ ಬೀದಿಗಳು ಕೂಡುವ ಮೂಲೆಯ ನಿವೇಶನಕ್ಕೆ ಸಂದಿತು. ಅಲ್ಲಿ 113 ಮನೆಗಳ ಕಟ್ಟಡ ಬಾಗಿಲು ತೆರೆದದ್ದು 2019ರಲ್ಲಿ. ಸಾಲಕ್ಕೂ ಗೃಹಪ್ರವೇಶಕ್ಕೂ ನಡುವೆ ಎಂಟು ವರ್ಷ! ನಗರದ ಹೃದಯಭಾಗದ ಆ ಮೂಲೆಯನ್ನು ಅಷ್ಟು ಕಾಲ ಬೇರೆ ಕೈಗೆ ಹೋಗದಂತೆ ಹಿಡಿದಿಡುವುದಕ್ಕೆ ಈ ಬಗೆಯ ಹಣ ಬೇಕಾಗುತ್ತದೆ. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಒಂದು ಕ್ಷಣ ನಿಂತು ಕಟ್ಟಡವನ್ನು ನೋಡುತ್ತೇನೆ.

ತಂತ್ರಜ್ಞಾನ ಕಂಪನಿಗಳ ಹಣದ ವಿಚಾರವನ್ನೂ ಇಲ್ಲಿ ಹೇಳಬೇಕು. 2019ರಲ್ಲಿ ಗೂಗಲ್ 100 ಕೋಟಿ ಡಾಲರ್, ಫೇಸ್‌ಬುಕ್ 100 ಕೋಟಿ, ಆ್ಯಪಲ್ 250 ಕೋಟಿ ಘೋಷಿಸಿದಾಗ ಮನೆಗಳ ಕೊರತೆ ಇನ್ನೇನು ನೀಗಿತು ಎಂಬ ಭಾವನೆ ಹಲವರಲ್ಲಿ ಮೂಡಿತ್ತು. ಆದರೆ ಗೂಗಲ್‌ನ ಮೊತ್ತದಲ್ಲಿ 75 ಕೋಟಿ ಅದರದೇ ಜಮೀನಿನ ಮೌಲ್ಯ, 25 ಕೋಟಿ ಹೂಡಿಕೆ. ಹೂಡಿಕೆ ಎಂದರೆ ಹಿಂತಿರುಗಿಸಬೇಕಾದ ಹಣ. ಈ ಹಣದ ಒಂದಂಶ 2000ದಲ್ಲಿ ಸ್ಥಾಪನೆಯಾದ ಹೌಸಿಂಗ್ ಟ್ರಸ್ಟ್ ಸಿಲಿಕಾನ್ ವ್ಯಾಲಿಯಂಥ ಲಾಭರಹಿತ ಸಂಸ್ಥೆಗಳ ಮೂಲಕ ಹರಿದು ಬಂದು ನಿವೇಶನ ಸಾಲಗಳಾಯಿತು, ಅದು ಒಳ್ಳೆಯದೇ ಆಯಿತು. ಕಂಪನಿಗೆ ಮನೆ ಕಟ್ಟುವವರ ಪರಿಚಯವಿರುವುದಿಲ್ಲ, ಯಾವ ಅರ್ಜಿ ನಿಲ್ಲುತ್ತದೆ ಯಾವುದು ಬೀಳುತ್ತದೆ ಎಂಬ ಅಂದಾಜೂ ಇರುವುದಿಲ್ಲ. ಆ ತಿಳಿವಳಿಕೆ ಇರುವುದು ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಸಾಲ ಅಧಿಕಾರಿಗಳಲ್ಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲಿ ದೊಡ್ಡ ಅಂಕಿಗಳು ಅಚ್ಚಾಗುತ್ತವೆ, ಶೆಡ್ಡಿನ ಹಿಂದೆ ನಿಂತು ಟ್ಯಾಂಕಿನ ಬಗ್ಗೆ ಕೇಳಿದವರು ಅಚ್ಚಾಗುವುದಿಲ್ಲ.

ಹಣ ಮೊದಲ ದಿನವೇ ಕೈಯಲ್ಲಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ತೋರಿಸುವ ಕಟ್ಟಡವೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದೆ. ಬ್ರಯಂಟ್ ಬೀದಿಯ 833ನೇ ಸಂಖ್ಯೆಯಲ್ಲಿರುವ ‘ತಹನಾನ್’ ನೆಲೆಯಿಲ್ಲದೆ ಬೀದಿಯಲ್ಲಿ ಬದುಕುತ್ತಿದ್ದವರಿಗಾಗಿ ಕಟ್ಟಿದ 145 ಸಣ್ಣ ಮನೆಗಳ ಸಮುಚ್ಚಯ. ಇದಕ್ಕೆ ಆರಂಭದ ಹಣವನ್ನು ಒದಗಿಸಿದ್ದು ಸ್ಯಾನ್ ಫ್ರಾನ್ಸಿಸ್ಕೊ ಹೌಸಿಂಗ್ ಆ್ಯಕ್ಸಿಲರೇಟರ್ ಫಂಡ್ ಎಂಬ ಲಾಭರಹಿತ ನಿಧಿ. ಅದರ ಬೆನ್ನಿಗೆ ಬಡತನ ನಿವಾರಣೆಗೆ ದುಡಿಯುವ ಟಿಪ್ಪಿಂಗ್ ಪಾಯಿಂಟ್ ಸಂಸ್ಥೆಯ ದೇಣಿಗೆ ಇತ್ತು. ಕೋಣೆಗಳನ್ನು ವಲೇಹೊ ನಗರದ ಕಾರ್ಖಾನೆಯಲ್ಲಿ ತಯಾರಿಸಿ ಲಾರಿಯಲ್ಲಿ ತಂದು ಒಂದರ ಮೇಲೊಂದು ಕೂರಿಸಿದರು. ಇಂಥ ಕಟ್ಟಡಕ್ಕೆ ಆ ನಗರದಲ್ಲಿ ಐದಾರು ವರ್ಷ ಹಿಡಿಯುವುದು ವಾಡಿಕೆಯಾಗಿದ್ದರೂ ಇದು ಸುಮಾರು ಮೂರು ವರ್ಷಗಳಲ್ಲಿ, ಮನೆಯೊಂದಕ್ಕೆ 4 ಲಕ್ಷ ಡಾಲರ್‌ಗಿಂತ ಕಡಿಮೆ ವೆಚ್ಚದಲ್ಲಿ ಮುಗಿಯಿತು. ಕಾರ್ಖಾನೆಯ ತಯಾರಿಕೆಯ ಪಾತ್ರ ಇದರಲ್ಲಿ ದೊಡ್ಡದು, ನಿಜ. ಆದರೆ ಕಾರ್ಖಾನೆಗೆ ಆರ್ಡರ್ ಕೊಡುವ ದಿನ ಮುಂಗಡ ಇರಬೇಕು, ಮತ್ತು ಸಾರ್ವಜನಿಕ ಹಣ ಆ ಹಂತದಲ್ಲಿ ಬರುವುದು ಅಪರೂಪ.

ಹೊಸ ಕಟ್ಟಡಗಳಷ್ಟೇ ಅಲ್ಲದೆ, ಹಳೆಯ ಕಟ್ಟಡಗಳಲ್ಲಿರುವ ಬಾಡಿಗೆದಾರರನ್ನು ಉಳಿಸಿಕೊಳ್ಳುವುದಕ್ಕೂ ಇದೇ ವೇಗದ ಅಗತ್ಯವಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2019ರಲ್ಲಿ ಬಂದ ಒಂದು ಕಾನೂನಿನಂತೆ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡವನ್ನು ಮಾರುವವರು ಮೊದಲು ಅರ್ಹ ಸೇವಾ ಸಂಸ್ಥೆಗಳಿಗೆ ತಿಳಿಸಬೇಕು. ಆಸಕ್ತಿಯಿದೆ ಎಂದು ಹೇಳಲು ಐದು ದಿನ, ಬೆಲೆ ಮುಂದಿಡಲು ಮತ್ತೆ ಇಪ್ಪತ್ತೈದು ದಿನ. ಇಷ್ಟರಲ್ಲಿ ಸರ್ಕಾರಿ ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೂ ಸರಿಯುವುದಿಲ್ಲ. ಲಾಭರಹಿತ ನಿಧಿಗಳು ಬ್ರಿಡ್ಜ್ ಲೋನ್ (ದೊಡ್ಡ ಹಣ ಬರುವ ತನಕದ ತಾತ್ಕಾಲಿಕ ಸಾಲ) ಕೊಟ್ಟು ಕಟ್ಟಡವನ್ನು ಕೊಳ್ಳಿಸಿ, ನಗರಾಡಳಿತದ ಹಣ ಬಂದ ಮೇಲೆ ತಮ್ಮದನ್ನು ಹಿಂಪಡೆಯುತ್ತವೆ. ಈ ನಿಧಿಗಳಿಲ್ಲದೆ ಹೋದರೆ ಆ ಕಾನೂನು ಕಾಗದದ ಮೇಲಿನ ಹಕ್ಕಾಗಿ ಉಳಿಯುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ಕೊರತೆಗಳು. ನಮ್ಮ ಅನುಭವದಲ್ಲಿ ಅತಿ ದೊಡ್ಡ ಕೊರತೆ ಸಿಬ್ಬಂದಿಯ ಬದಲಾವಣೆ. ನಾಲ್ಕೂವರೆ ವರ್ಷಗಳಲ್ಲಿ ಮೂವರು ಸಾಲ ಅಧಿಕಾರಿಗಳು ಬದಲಾದರು. ಸ್ಥಳ ನೋಡಿ ಟ್ಯಾಂಕಿನ ಬಗ್ಗೆ ಕೇಳಿದವರು ಒಂದೂವರೆ ವರ್ಷಕ್ಕೆ ಬೇರೆ ಕಡೆ ಹೋದರು. ಅವರ ಜಾಗಕ್ಕೆ ಬಂದವರು ಅದೇ ಮಣ್ಣಿನ ವರದಿಯನ್ನು, ಅದೇ ಲೆಕ್ಕಪರಿಶೋಧನೆಯ ಪತ್ರಗಳನ್ನು, ಮಂಡಳಿಯ ಅದೇ ನಿರ್ಣಯದ ಪ್ರತಿಯನ್ನು ಮತ್ತೆ ಕೇಳಿದರು, ಮೂರನೆಯವರೂ ಕೇಳಿದರು. ಸಂಬಳಕ್ಕಿರುವವರು ಇಬ್ಬರೇ ಆಗಿರುವ ನಮ್ಮಂಥ ಸಂಸ್ಥೆಗೆ ಇದರಿಂದ ವಾರಗಟ್ಟಲೆ ಕೆಲಸ ಕೆಡುತ್ತದೆ. ಪತ್ರಗಳನ್ನು ಕೇಳುವುದು ತಪ್ಪಲ್ಲ, ಕೊಟ್ಟದ್ದನ್ನು ಜೋಪಾನ ಮಾಡದಿರುವುದು ತಪ್ಪು.

ಎರಡನೆಯದು, ಅವಧಿ ವಿಸ್ತರಣೆಯ ಶುಲ್ಕ. ರಾಜ್ಯದ ನಿಧಿಗೆ ನಾವು ಹಾಕಿದ ಮೊದಲ ಅರ್ಜಿ ತಿರಸ್ಕೃತವಾಗಿ, ಮರುವರ್ಷದ ಸುತ್ತಿಗೆ ಕಾಯಬೇಕಾಯಿತು. ಅದರಿಂದ ಮೂರು ವರ್ಷದ ಅವಧಿ ಸಾಲದೆ ಎರಡು ಸಲ ವಿಸ್ತರಣೆ ಕೇಳಿದೆವು. ಎರಡೂ ಸಲ ಒಪ್ಪಿದರು, ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಪ್ರತಿ ಸಲವೂ ಸಾಲದ ಮೊತ್ತದ ಅರ್ಧ ಶೇಕಡ ಶುಲ್ಕ ಹಾಕಿದರು. ಅರ್ಜಿದಾರರ ತಪ್ಪಿಲ್ಲದೆ, ಸಾರ್ವಜನಿಕ ನಿಧಿಯ ಸುತ್ತುಗಳಿಂದಾಗಿಯೇ ವಿಳಂಬವಾದಾಗ ಈ ಶುಲ್ಕ ನ್ಯಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ತಾಳ್ಮೆಯ ಹಣ ಎಂದು ತಮ್ಮನ್ನು ಕರೆದುಕೊಳ್ಳುವವರು ತಾಳ್ಮೆಗೆ ದಂಡ ಹಾಕಬಾರದು. ಹೊಸದಾಗಿ ಸಾಲ ಪಡೆಯುವವರು ಈ ಒಂದು ವಾಕ್ಯವನ್ನು ಕರಾರಿನ ಕರಡಿನಲ್ಲೇ ಹುಡುಕಿ, ಸಹಿಗೆ ಮೊದಲು ಮಾತನಾಡಬೇಕು. ನಾವು ಮಾತನಾಡದೆ ಕೆಟ್ಟೆವು.

ಮೂರನೆಯ ಕೊರತೆ ಇನ್ನೂ ಆಳವಾದದ್ದು. ಹಿಂದೆ ಕಟ್ಟಿ ಮುಗಿಸಿದ ಯೋಜನೆಗಳಿರುವ, ಆಸ್ತಿ-ಹೊಣೆಗಳ ಲೆಕ್ಕಪತ್ರ ಗಟ್ಟಿಯಾಗಿರುವ ದೊಡ್ಡ ಸಂಸ್ಥೆಗಳಿಗೆ ಸಾಲ ಸಲೀಸಾಗಿ ಸಿಗುತ್ತದೆ. ಮೊದಲ ಕಟ್ಟಡ ಕಟ್ಟಲು ಹೊರಟವರಿಗೆ, ವಿಶೇಷವಾಗಿ ಬಡಾವಣೆಯ ನಿವಾಸಿಗಳೇ ಸೇರಿ ಮಾಡಿಕೊಂಡ ಸಂಘಗಳಿಗೆ, ಯಾರಾದರೂ ದೊಡ್ಡವರು ಖಾತರಿ ನಿಲ್ಲದ ಹೊರತು ಬಾಗಿಲು ತೆರೆಯುವುದು ಕಷ್ಟ. ನಮಗೂ ಅನುಭವಿ ಸಂಸ್ಥೆಯೊಂದು ಪಾಲುದಾರನಾಗಿ ಬಂದ ಮೇಲೆಯೇ ಮಂಜೂರಾತಿ ಬಂತು. ಬ್ಯಾಂಕುಗಳು ಬಿಟ್ಟವರನ್ನು ಕೈಹಿಡಿಯಲು ಹುಟ್ಟಿದ ಸಂಸ್ಥೆಗಳಲ್ಲಿ ಈ ಎಚ್ಚರಿಕೆ ಅತಿಯಾದರೆ ಅವು ಹುಟ್ಟಿದ ಕಾರಣವೇ ಮಸುಕಾಗುತ್ತದೆ.

ಮನೆ ಕೊಳ್ಳುವವರಿಗೆ ನೇರವಾಗಿ ಕೊಡುವ ಮುಂಗಡ ನೆರವಿನ ಸಾಲಗಳೂ ಇವೆ. ಕೆಲವು ಯೋಜನೆಗಳಲ್ಲಿ ತಿಂಗಳ ಕಂತು ಇರುವುದಿಲ್ಲ. ಮನೆ ಮಾರಿದಾಗ ಅಸಲಿನ ಜೊತೆಗೆ ಏರಿದ ಬೆಲೆಯ ಒಂದು ಪಾಲನ್ನು ಕೊಡಬೇಕು. ಆ ಸೇವೆಯನ್ನು ನಾನು ಬಳಸಿಲ್ಲವಾದ್ದರಿಂದ ಅದಕ್ಕೆ ಬೆಲೆ ಕಟ್ಟುವುದಿಲ್ಲ. ಬೆಲೆ ಏರಿಕೆಯ ಪಾಲನ್ನು ಲೆಕ್ಕ ಹಾಕುವ ಕ್ರಮವನ್ನು ಸಹಿಗೆ ಮೊದಲು ಅಂಕಿಗಳೊಂದಿಗೆ ಬರೆಸಿಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಈ ಸೇವೆಯಿಂದ ನಿರೀಕ್ಷಿಸಬಾರದ ಒಂದು ಸಂಗತಿಯಿದೆ. ಸಾಲ ಎಷ್ಟೇ ತಾಳ್ಮೆಯದಾದರೂ ಅದು ಸಾಲವೇ; ಕೊನೆಗೆ ಯಾರೋ ಅನುದಾನ ಕೊಟ್ಟು ಅದನ್ನು ತೀರಿಸಬೇಕು. ಬೇ ಏರಿಯಾದ ಒಂಬತ್ತು ಕೌಂಟಿಗಳಿಗಾಗಿ ಯೋಜಿಸಿದ್ದ 2,000 ಕೋಟಿ ಡಾಲರ್‌ಗಳ ವಸತಿ ಬಾಂಡ್ ಪ್ರಸ್ತಾವವನ್ನು 2024ರ ಆಗಸ್ಟ್‌ನಲ್ಲಿ, ಮತದಾನಕ್ಕೆ ಮೂರು ತಿಂಗಳಿರುವಾಗ, ಹಿಂತೆಗೆದುಕೊಂಡರು. ಅಂದು ಮಂಡಳಿಯ ಸಭೆಯಲ್ಲಿ ನಮ್ಮಲ್ಲಿ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ನಿವೇಶನ ಹಿಡಿದಿಟ್ಟುಕೊಂಡಿರುವ ಎಷ್ಟೋ ಸಂಸ್ಥೆಗಳು ಆ ಬಾಂಡಿನ ಹಣದಿಂದ ಮುಂಗಡದ ಸಾಲ ತೀರಿಸುವ ಲೆಕ್ಕ ಹಾಕಿಕೊಂಡಿದ್ದವು. 2025ರ ಮಾರ್ಚ್‌ನಲ್ಲಿ ಹೊರಟ ಅಧ್ಯಕ್ಷೀಯ ಆದೇಶವು ಸಿಡಿಎಫ್ಐ ನಿಧಿಯ ಕೆಲಸವನ್ನು ಕಾನೂನು ಅನುಮತಿಸುವ ಮಟ್ಟಿಗೆ ಕುಗ್ಗಿಸಬೇಕೆಂದು ಹೇಳಿದೆ. ಮೊದಲ ನಷ್ಟ ಹೊರುವ ಪದರ ತೆಳುವಾದರೆ ಅದರ ಮೇಲೆ ಕುಳಿತ ಬ್ಯಾಂಕಿನ ಹಣವೂ ಹಿಂದೆ ಸರಿಯುತ್ತದೆ. ಆದ್ದರಿಂದ ಅರ್ಜಿ ಹಾಕುವವರು ತಮ್ಮ ಸಾಲ ಸಂಸ್ಥೆಯ ನಿಧಿ ಎಲ್ಲಿಂದ ಬಂದಿದೆ, ಇನ್ನೆಷ್ಟು ವರ್ಷಕ್ಕಿದೆ ಎಂದು ಕೇಳಲು ಸಂಕೋಚಪಡಬಾರದು.

ನಿವೇಶನ ಕಣ್ಣಿಗೆ ಬಿದ್ದಿದೆ, ಮಾರುವವರ ಗಡುವು ಹತ್ತಿರವಿದೆ, ಕೈಯಲ್ಲಿ ಹಣವಿಲ್ಲ ಎಂಬ ಸ್ಥಿತಿಯಲ್ಲಿರುವ ಸೇವಾ ಸಂಸ್ಥೆಗಳಿಗೆ ನಾನು ಈ ಸೇವೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಸಾಲ ತೀರಿಸಬೇಕಾದ ಅಂತಿಮ ಹಣಕ್ಕೆ ಯಾವ ದಾರಿಯೂ ಕಾಣದೆ ಇರುವವರು ಮಾತ್ರ ಈ ಸಾಲ ತೆಗೆದುಕೊಳ್ಳಬಾರದು. ಅಂಥವರಿಗೆ ಇದು ನಿವೇಶನವನ್ನೇ ಕಳೆಯಬಹುದು.

ನಮ್ಮ ಕಟ್ಟಡದಲ್ಲಿ ಈಗ 62 ಕುಟುಂಬಗಳಿವೆ. ಕಾಂಕ್ರೀಟಿನ ತೇಪೆಯಿದ್ದ ಜಾಗದಲ್ಲಿ ಸೈಕಲ್ ನಿಲ್ದಾಣ ಬಂದಿದೆ. ಎದುರಿನ ಶಾಲೆಗೆ ಹೋಗುವ ಮಕ್ಕಳು ಬೆಳಿಗ್ಗೆ ಏಳೂ ಮುಕ್ಕಾಲಿಗೆ ಅಲ್ಲಿಂದಲೇ ಹೊರಡುತ್ತಾರೆ. ಎರಡನೆಯ ನಿವೇಶನಕ್ಕೆ ಕಳೆದ ತಿಂಗಳು ಅದೇ ಸಂಸ್ಥೆಗೆ ಅರ್ಜಿ ಸಲ್ಲಿಸಿದ್ದೇವೆ. ಈ ಸಲ ಮಣ್ಣಿನ ವರದಿಯನ್ನು ಮೊದಲೇ ಲಗತ್ತಿಸಿದ್ದೇವೆ, ವಿಸ್ತರಣೆ ಶುಲ್ಕದ ವಾಕ್ಯಕ್ಕೆ ಕೆಂಪು ಗೆರೆ ಎಳೆದು ಕರಡನ್ನು ವಾಪಸ್ ಕಳಿಸಿದ್ದೇವೆ.